ಜೆಮೈಮಾ ತಪ್ಪಾಗಿ ಪೋಣಿಸಿದ ಮಣಿ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವು ಕಂಡಿರಬಹುದು. ನಮ್ಮ ಎಫಿ ದೊಡ್ಡಮ್ಮ ನಿಜಕ್ಕೂ ಉರುಳು ಹಾಕಿ ಮೊಲ ಹಿಡಿಯುವವಳು, ಹಟದಲ್ಲೂ ಹಾಗೆಯೇ. ವಯಸ್ಸು ಎಪ್ಪತ್ತಾರು, ಎರಡೂ ಮಂಡಿ ನೋವು. ಆದರೂ ಮೂಸ್ ಎಂಬ ಭಾರಿ ಜಿಂಕೆಯ ಚರ್ಮಕ್ಕೆ ಹೊಗೆ ಹಾಕಿ ಹದ ಮಾಡಿ, ಮಣಿಯ ಹೂ ಕಟ್ಟಿ ಮೊಕಾಸಿನ್ ಎಂಬ ಮೆತ್ತನೆ ಜೋಡು ಹೊಲಿಯುವುದರಲ್ಲಿ ನಮ್ಮ ಕ್ರೀ ಜನರ ಸರೋವರದ ಸುತ್ತ ಅವಳನ್ನು ಮೀರಿಸಿದವರಿಲ್ಲ. ನಾನು ಅವಳ ತಂಗಿಯ ಮಗಳು, ಅವಳ ಡ್ರೈವರು, ಅವಳ ಬೈಗುಳಕ್ಕೆ ಖಾಯಂ ಗಿರಾಕಿ.

ಆರು ವರ್ಷದವಳಿದ್ದಾಗ ಬಿಳಿಯರ ಚರ್ಚಿನವರು ಅವಳನ್ನು ವಸತಿ ಶಾಲೆಗೆ ಒಯ್ದರು. ಅವಳ ಅಮ್ಮ ಜೆಮೈಮಾ ಹೊಸ ಮೊಕಾಸಿನ್ ಹೊಲಿದು ಹಾಕಿ ಕಳಿಸಿದ್ದಳು. ಎರಡು ಚಳಿಗಾಲಕ್ಕೆ ಬರಲಿ ಎಂದು ಒಂದು ಬೆರಳಷ್ಟು ದೊಡ್ಡದಾಗಿಯೇ ಹೊಲಿದಿದ್ದಳು. ಹಾಕಿಕೊಂಡದ್ದು ಒಂದೇ ದಿನ. ಶಾಲೆಯಲ್ಲಿ ಜಡೆ ಕತ್ತರಿಸಿದರು, ಮೊಕಾಸಿನ್ ಕಿತ್ತುಕೊಂಡರು, ಹೆಸರಿನ ಬದಲು ಒಂದು ನಂಬರು ಕೊಟ್ಟರು. ನಮ್ಮ ಕ್ರೀ ಭಾಷೆ ಆಡಿದರೆ ಪೆಟ್ಟು. ಒಂಬತ್ತು ವರ್ಷ ಆ ನಂಬರಿಗೆ ಓಗೊಟ್ಟವಳು ಹೊರಬಂದ ಮೇಲೆ ಒಮ್ಮೆಯೂ ಅದನ್ನು ಬಾಯಲ್ಲಿ ತಂದಿಲ್ಲ. ಬಿಂಗೋ ಆಟದಲ್ಲಿ ಆ ನಂಬರು ಕೂಗಿದರೆ ಚೀಟಿಯಲ್ಲಿದ್ದರೂ ಗುರುತು ಹಾಕುವುದಿಲ್ಲ. ಗೆಲ್ಲುವ ಆಟವನ್ನೇ ಹಾಗೆ ಬಿಟ್ಟದ್ದುಂಟು. ಪಕ್ಕದಲ್ಲಿ ಕೂತ ನಾನು ತಲೆ ಚಚ್ಚಿಕೊಂಡದ್ದೂ ಉಂಟು.

ಎರಡು ವರ್ಷದ ಹಿಂದೆ ಚರ್ಚು ತಪ್ಪೊಪ್ಪಿಕೊಂಡು, ಶಾಲೆಯಿಂದ ತಂದಿಟ್ಟ ವಸ್ತುಗಳ ಫೋಟೋಗಳನ್ನು ಊರೂರಿಗೆ ಕಳಿಸಿತು. ಮಣಿಗಳು ಬಿಡಿಯಾಗಿ ಕಾಣದಷ್ಟು ಮಸುಕಾದ ಒಂದು ಫೋಟೋದಲ್ಲಿ ಒಂದು ಜೊತೆ ಪುಟ್ಟ ಮೊಕಾಸಿನ್ ಕಂಡದ್ದೇ ದೊಡ್ಡಮ್ಮ, “ಇದು ನಂದು,” ಎಂದಳು. ಆದರೆ ವಸ್ತುವಿಗೆ ಕಟ್ಟಿದ ಚೀಟಿಯಲ್ಲಿ ನಂಬರು ಮಾತ್ರ ಇತ್ತು. ಯಾವ ನಂಬರು ಯಾವ ಮಗುವಿನದು ಎಂದು ಬರೆದ ಪುಸ್ತಕ ಕಳೆದುಹೋಗಿದೆಯಂತೆ. ಮಕ್ಕಳನ್ನೇ ಕಳೆದವರಿಗೆ ಪುಸ್ತಕ ಯಾವ ಲೆಕ್ಕ!

ಚರ್ಚಿನ ದಾಖಲೆ ಕೋಣೆ ನೋಡಿಕೊಳ್ಳುವ ರೋಸಲಿಂಡ್ ಫೋನಿನಲ್ಲಿ ಮೆತ್ತಗೆ ಕೇಳಿದಳು. “ನಿಮ್ಮ ನಂಬರ್ ಹೇಳಿದ್ರೆ ನಾಳೆನೇ ಕಳಿಸ್ತೀವಿ, ಎಫಿ ಅವರೇ. ನಮ್ಮ ಚರ್ಚ್ ಕಮಿಟಿಯವ್ರಿಗೆ ಪುರಾವೆ ಬೇಕಂತೆ.”

“ನಂಬರ್ ಕೊಟ್ಟೋರು ನೀವು. ನೀವೇ ನೆನಪಿಟ್ಕೊಳ್ಳಿ,” ಎಂದು ದೊಡ್ಡಮ್ಮ ಫೋನ್ ಇಟ್ಟಳು.

ನನಗೆ ರೇಗಿತು. “ಎರಡೇ ಅಂಕಿ, ದೊಡ್ಡಮ್ಮಾ! ಹೇಳಿಬಿಡು, ಮುಗೀತು.”

“ನಿನ್ನ ತೂಕ ಮೂರೇ ಅಂಕಿ. ಯಾರಿಗಾದ್ರೂ ಹೇಳಿದೀಯಾ?”

ನಾನು ಕಾಗದ, ಪೆನ್ನು ತಂದು ಕೂತೆ. ಅವಳೇ ಹೇಳಿ ಕಮಿಟಿಗೆ ಪತ್ರ ಬರೆಸಿದಳು: ಪೆಟ್ಟಿಗೆ ನನ್ನ ಮನೆಗೆ ತನ್ನಿ, ತೆರೆಯುವ ಮುಂಚೆ ಗುರುತು ಹೇಳುತ್ತೇನೆ. ನಮ್ಮ ಹೆಂಗಸರು ಮಣಿ ಪೋಣಿಸುವಾಗ ಬೇಕೆಂದೇ ಒಂದು ಮಣಿಯನ್ನು ತಪ್ಪು ಬಣ್ಣದ್ದು ಹಾಕುತ್ತಾರೆ. ಲೋಪವಿಲ್ಲದ ಕೆಲಸ ಸೃಷ್ಟಿಕರ್ತನಿಗೆ ಮಾತ್ರ ಸಲ್ಲುತ್ತದೆ. ಯಾರು ಎಲ್ಲಿ ತಪ್ಪುತ್ತಾರೆ ಎಂಬುದು ಮನೆಮನೆಗೆ ಬೇರೆ.

ಕಮಿಟಿ ಒಪ್ಪಲಿಲ್ಲ. ಪಟ್ಟಣದ ಚರ್ಚಿನ ಹೆಂಗಸರು ರೋಸಲಿಂಡ್ ಜೊತೆ ಸೇರಿ, ಒಂದೂವರೆ ವರ್ಷ ಪ್ರತಿ ಸಭೆಗೂ ಹೋಗಿ ಮುಂದಿನ ಸಾಲಲ್ಲೇ ಕೂತರು. “ಪುರಾವೆ ಕೊಡಬೇಕಾದೋರು ನಾವು, ಅವರಲ್ಲ,” ಎಂದು ಒಂದೇ ಮಾತು. ಕೊನೆಗೆ ಕಮಿಟಿಗೇ ಸುಸ್ತಾಯಿತು.

ಮಾರ್ಚ್ ತಿಂಗಳಲ್ಲಿ ರೋಸಲಿಂಡ್ ಹತ್ತು ಗಂಟೆ ಹಿಮದ ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದಳು. ದೊಡ್ಡಮ್ಮ ಮೊದಲು ಟೀ, ಬಿಸಿ ಬ್ಯಾನಕ್ ರೊಟ್ಟಿ ತಿನ್ನಿಸಿದಳು. ಆಮೇಲೆ ಕಣ್ಣು ಮುಚ್ಚಿ ಹೇಳಿದಳು. “ಎಡಗಾಲಿಂದು. ಕೆಂಪು ಹೂವು. ಹೆಬ್ಬೆರಳ ಕಡೆ ಎಸಳಿನ ತುದೀಲಿ ಒಂದು ನೀಲಿ ಮಣಿ. ಅಮ್ಮ ಯಾವತ್ತೂ ಅಲ್ಲೇ ತಪ್ತಿದ್ದಳು.”

ರೋಸಲಿಂಡ್ ಬಿಳಿ ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆದಳು. ಎಪ್ಪತ್ತು ವರ್ಷದ ಮೇಲೂ ಹೊಗೆಯ ವಾಸನೆ ಅಡುಗೆಮನೆ ತುಂಬಿತು. ಅಲ್ಲೇ ಇತ್ತು, ನೀಲಿ ಮಣಿ. ದೊಡ್ಡಮ್ಮ ನಕ್ಕಳು, ಅತ್ತಳು, ಮತ್ತೆ ನಕ್ಕಳು. ನಾನಂತೂ ಗೊಳೋ ಎಂದೆ.

ರೋಸಲಿಂಡ್ ಚೀಟಿಯ ನಂಬರನ್ನು ಹೊಡೆದುಹಾಕಿ, ಕೆಳಗೆ ಬರೆದು ಗಟ್ಟಿಯಾಗಿ ಓದಿದಳು: “ಹೊಲಿದವಳು ಜೆಮೈಮಾ. ಹಾಕಿಕೊಂಡವಳು ಎಫಿ. ಕಿತ್ತುಕೊಂಡವರು ನಾವು.”

“ಅಕ್ಷರ ಚೆನ್ನಾಗಿದೆ,” ಎಂದಳು ದೊಡ್ಡಮ್ಮ. ಅವಳ ಬಾಯಿಂದ ಅದು ದೊಡ್ಡ ಹೊಗಳಿಕೆ.

ಅಂದು ಸಂಜೆ ನಮ್ಮ ಸಭಾಂಗಣದಲ್ಲಿ ತಮಟೆಯ ಸುತ್ತ ಕುಣಿತವಿತ್ತು. ದೊಡ್ಡಮ್ಮ ಆರು ವರ್ಷದ ನನ್ನ ಮೊಮ್ಮಗಳು ಕಿಯಾನಾಳನ್ನು ಕರೆದು, ಅವಳ ಉಣ್ಣೆ ಕಾಲುಚೀಲದ ಮೇಲೆ ಮೊಕಾಸಿನ್ ಏರಿಸತೊಡಗಿದಳು.

ರೋಸಲಿಂಡ್ ಹೌಹಾರಿದಳು. “ಅಯ್ಯೋ, ಎಪ್ಪತ್ತು ವರ್ಷದ್ದು! ಸವೆದುಹೋಗುತ್ತೆ!”

“ಸವೀಲಿ ಅಂತಾನೇ ಅಮ್ಮ ಹೊಲಿದಿದ್ದು, ತಾಯಿ. ನನ್ನ ಮಂಡಿ ಬಗ್ಗಲ್ಲ, ನೀನೇ ದಾರ ಕಟ್ಟು.”

ರೋಸಲಿಂಡ್ ಪೆಟ್ಟಿಗೆ ಕೆಳಗಿಟ್ಟಳು. ಬಿಳಿ ಕೈಗವಸು ತೆಗೆದು ಜೇಬಿಗಿಟ್ಟು, ಮಂಡಿಯೂರಿ, ಬರಿಗೈಯಲ್ಲಿ ಎರಡು ಗಂಟು ಹಾಕಿದಳು. ಕಿಯಾನಾ ಅವಳ ಕೈ ಹಿಡಿದೇ ಕುಣಿತಕ್ಕೆ ಎಳೆದೊಯ್ದಳು. ಪಾಪ, ಆ ಹೆಂಗಸಿನ ಹೆಜ್ಜೆಗೂ ತಾಳಕ್ಕೂ ಎಣ್ಣೆ ಸೀಗೆಕಾಯಿ. ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು, ಅವಳೂ ನಕ್ಕಳು.

ಕುಣಿತ ಮುಗಿದ ಮೇಲೆ ಕಿಯಾನಾ ಅಳುಮುಖ ಮಾಡಿಕೊಂಡು ಬಂದು ಕಾಲೆತ್ತಿ ತೋರಿಸಿದಳು. “ಕೋಕುಮ್, ತೂತಾಯ್ತು.” ನಮ್ಮ ಭಾಷೆಯಲ್ಲಿ ಕೋಕುಮ್ ಎಂದರೆ ಅಜ್ಜಿ.

ದೊಡ್ಡಮ್ಮ ಮೊಕಾಸಿನ್ ಬಿಚ್ಚಿ, ಹಿಮ್ಮಡಿಯ ತೂತಿನಲ್ಲಿ ಬೆರಳು ತೂರಿಸಿ, ಬಿಂಗೋ ಗೆದ್ದವಳ ಹಾಗೆ ಎತ್ತಿ ಹಿಡಿದಳು. “ನೋಡ್ರೇ! ಸವೆದಿದೆ!” ಎಂದು ಸಭಾಂಗಣಕ್ಕೆಲ್ಲ ಕೇಳುವಂತೆ ಕೂಗಿದಳು. ಆಮೇಲೆ ಕಿಯಾನಾಳ ಕಣ್ಣೊರೆಸಿ, ಚೀಲದಿಂದ ಸೂಜಿ ತೆಗೆದಳು.

“ಅಳಬೇಡ್ವೇ ಪುಟ್ಟಿ, ತೇಪೆ ಹಾಕಿಕೊಡ್ತೀನಿ. ಇನ್ನೊಂದು ಚಳಿಗಾಲ ಬಾಕಿ ಇದೆ.”