ಮುಳುಗಿದ ಗದ್ದೆಯ ಫುಟ್‌ಬಾಲು

ಹೊಸನಗರದ ಕಡೆ ಒಂದು ಕಾಲಕ್ಕೆ ಫುಟ್‌ಬಾಲ್ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ನಂಬಿಸಲು ನನ್ನ ಬಳಿ ಒಂದು ಫೋಟೊ ಕೂಡ ಇಲ್ಲ. ನಮ್ಮಲ್ಲಿ ಆಟ ಎಂದರೆ ವಾಲಿಬಾಲು, ಕಬಡ್ಡಿ. ಟ್ರಾನ್ಸಿಸ್ಟರ್ ಇದ್ದವರ ಜಗಲಿಯಲ್ಲಿ ಕ್ರಿಕೆಟ್ ಕಾಮೆಂಟರಿ. ಎಪ್ಪತ್ತರ ದಶಕದ ಕೊನೆಯಲ್ಲಿ ಅಣೆಕಟ್ಟಿನ ಕೆಲಸಕ್ಕೆ ಬಂದ ಮಲಯಾಳಿಗಳು ತಮ್ಮ ಜೊತೆ ಆ ಚೆಂಡನ್ನೂ ತಂದರು. ಅವರ ಕಾಲೊನಿಯಲ್ಲಿ ನೋಡಿ ನಾವೂ ಕಲಿತೆವು. ರಿಪ್ಪನ್‌ಪೇಟೆ ಸಂತೆಗೆ ಹೊರಟವರು ನಿಂತು ನೋಡಿ, "ಕೈ ಇಟ್ಕಂಡು ಕಾಲಲ್ಲಿ ಎಂತಕ್ಕೆ ಒದೀತಾವಾ ಇವು?" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಆಡಲು ಸಪಾಟು ಜಾಗ ಬೇಕಲ್ಲ. ಅದು ಸಿಕ್ಕಿದ್ದು ಅಣೆಕಟ್ಟಿನ ನೀರಿಗೆ ಹೋಗಲಿದ್ದ ಮುಳುಗಡೆಯ ನೆಲದಲ್ಲಿ. ಜನ ಬಿಟ್ಟುಹೋಗಿದ್ದ ಒಂದು ಮನೆಯ ಎದುರಿನ ಗದ್ದೆಗಳ ಬದುಗಳನ್ನು ಕಡಿದು ಒಂದು ಮಾಡಿದೆವು. ಅಡಿಕೆ ಮರದ ಕಾಂಡ ನೆಟ್ಟು ಗೋಲು ಕಟ್ಟಿದೆವು. ಒಂದು ಗೋಲಿನ ಹಿಂದೆ ಮೂವತ್ತು ಹೆಜ್ಜೆಗೇ ಆ ಮನೆ. ಹೆಂಚು, ಬಾಗಿಲು, ತೊಲೆ ಎಲ್ಲ ಬಿಚ್ಚಿಕೊಂಡು ಹೋಗಿದ್ದರಿಂದ ಗೋಡೆಗಳಷ್ಟೇ ನಿಂತಿದ್ದವು. ಅದು ನಮ್ಮ ಗೋಲ್‌ಕೀಪರನ ಮನೆ. ಅವನ ಅಪ್ಪ ಅಮ್ಮ ತೀರ್ಥಹಳ್ಳಿ ಕಡೆಯ ಹೊಸ ಜಮೀನಿಗೆ ಹೋಗಿಯಾಗಿತ್ತು. ಇವನು ಮಾತ್ರ ಸೋದರಮಾವನ ಮನೆಯಲ್ಲಿ ಉಳಿದಿದ್ದ. ತನ್ನದೇ ಗದ್ದೆಯಲ್ಲಿ ನಿಂತು ಗೋಲು ಕಾಯುತ್ತಿದ್ದ.

ಚಳಿಗಾಲದ ಬೆಳಿಗ್ಗೆ ಆ ಕಣಿವೆಯಲ್ಲಿ ಮಂಜು ಹತ್ತು ಗಂಟೆಯಾದರೂ ಏಳುತ್ತಿರಲಿಲ್ಲ. ಈ ತುದಿಯ ಗೋಲು ಆ ತುದಿಗೆ ಕಾಣದು. ಅದಕ್ಕೆ ನಾವೇ ಒಂದು ಉಪಾಯ ಮಾಡಿಕೊಂಡಿದ್ದೆವು: ಗೋಲ್‌ಕೀಪರ್ ಆಗಾಗ ಒಂದು 'ಕೂ' ಹಾಕಬೇಕು, ಗೋಲು ಎಲ್ಲಿದೆ ಎಂದು ನಮಗೆ ತಿಳಿಯಲು. ಒಂದೇ ಕೂ, ಮೋಟಾಗಿ. ಏಕೆಂದರೆ ಮನೆಯವರು ಮನುಷ್ಯರನ್ನು ಕರೆಯುವ ಕೂ ಬೇರೆ. ಅದು ಉದ್ದ, ಮತ್ತು ಮೂರು ಸಲ. ಮೊದಲೆರಡಕ್ಕೆ ಓಗೊಡಬಾರದು, ಮೂರನೆಯದಕ್ಕೆ ಹೋಗಲೇಬೇಕು. ಮನುಷ್ಯರಲ್ಲದ್ದು ಮೂರನೆಯ ಸಲ ಕೂಗುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು.

ನಾನು ಹೇಳಹೊರಟಿದ್ದು ಕಾಲೊನಿಯವರ ಮೇಲೆ ಆ ಗದ್ದೆಯಲ್ಲಿ ಆಡಿದ ಕೊನೆಯ ಪಂದ್ಯದ ಮಾತು. ಬರುವ ಮಳೆಗಾಲಕ್ಕೆ ನೀರು ನಿಲ್ಲಿಸುತ್ತಾರೆ ಎಂದು ಗೊತ್ತಿತ್ತು. ನಾನು ಯೂನಿವರ್ಸಿಟಿಯಿಂದ ರಜೆಗೆ ಬಂದಿದ್ದೆ. ದೆವ್ವ ದೇವರುಗಳನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದೇನೆ ಎಂದುಕೊಂಡಿದ್ದ ಕಾಲ. ಒಂದಕ್ಕೊಂದು ಗೋಲಿನಲ್ಲಿ ಸಮವಾಗಿತ್ತು. ನಮ್ಮವರೆಲ್ಲ ಆ ತುದಿಯಲ್ಲಿ ಕೂಗಾಡುತ್ತಿದ್ದರು. ಹಿಂದೆ ಉಳಿದವನು ನಾನೊಬ್ಬ. ನನ್ನ ಬೆನ್ನಿಗೆ ಗೋಲು, ಅದರ ಹಿಂದೆ ಆ ಮನೆ.

ಆಗ ಕೂ ಕೇಳಿತು. ಉದ್ದವಾಗಿ, ತೆಳ್ಳಗೆ, ಮನೆಯ ಕಡೆಯಿಂದ. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಆಮೇಲೆ ಮೂರನೆಯದು. ತಿರುಗಿ ನೋಡಿದರೆ ಎರಡು ಅಡಿಕೆ ಕಂಬಗಳ ನಡುವೆ ಮಂಜು ಮಾತ್ರ ಇತ್ತು. ಅಷ್ಟರಲ್ಲಿ ಕಾಲೊನಿಯವರು ದೂರದಿಂದ ಒದ್ದ ಚೆಂಡು ನನ್ನ ಪಕ್ಕದಿಂದಲೇ ಉರುಳುತ್ತಾ ಬಂತು, ಅದರ ಹಿಂದೆ ಅವರಲ್ಲಿ ಇಬ್ಬರು ಓಡಿಬಂದರು. ನಾನು ಅಲುಗಲಿಲ್ಲ. ಅದು ನಿಧಾನವಾಗಿ ಒಳಗೆ ಹೋಗಿ ಮಂಜಿನಲ್ಲಿ ಕಾಣದಾಯಿತು.

ಗೋಲ್‌ಕೀಪರ್ ಮನೆಯ ಕಡೆಯಿಂದ ನಡೆದು ಬಂದ. ಎಲ್ಲರೂ ಸುತ್ತುವರಿದರು.

"ಎಲ್ಲಿ ಸಾಯಕ್ಕೆ ಹೋಗಿದ್ಯಾ?"

"ಮನೆ ಕಡೆಯಿಂದ ಕೂ ಹಾಕಿದ್ರು. ಮೂರು ಸಲ. ಹೋಗ್ದೆ ಇರಕ್ಕಾಗುತ್ತಾ?"

ಎಲ್ಲರೂ ನನ್ನ ಕಡೆ ತಿರುಗಿದರು. "ನೀನು ಇಲ್ಲೇ ಇದ್ಯಲ್ಲಾ, ಓದ್ದೋನು. ಕೇಳ್ತಾ?"

"ಇಲ್ಲ. ಯಾರೂ ಕೂಗ್ಲಿಲ್ಲ," ಎಂದೆ.

ಗೋಲ್‌ಕೀಪರ್ ನನ್ನನ್ನು ನೋಡಿದ. ಕಾಲೊನಿಯವರ ಹತ್ತಿರ ಏನೋ ಇಸಕೊಂಡು ಗೋಲು ಬಿಟ್ಟಿದ್ದಾನೆ ಎಂದು ಒಬ್ಬ ಅಂದ. ಸಂಜೆಯೊಳಗೆ ಎಲ್ಲರೂ ಅಂದರು. ವಾರದಲ್ಲಿ ಅವನು ಊರು ಬಿಟ್ಟು ಅಪ್ಪ ಅಮ್ಮ ಇದ್ದಲ್ಲಿಗೆ ಹೋದ. ಬೇರೆ ಗೋಲ್‌ಕೀಪರ್ ಸಿಗಲಿಲ್ಲ. ಕೆಲಸ ಮುಗಿದು ಮಲಯಾಳಿಗಳೂ ಹೋದರು. ನಮ್ಮ ಊರಿನ ಫುಟ್‌ಬಾಲಿನ ಇತಿಹಾಸ ಇಷ್ಟೇ.

ಎಂಬತ್ತರ ದಶಕದಲ್ಲಿ, ಸಾಗರದಲ್ಲಿ ಸ್ವಲ್ಪ ಕಾಲ ಪಾಠ ಹೇಳಿ, ತೀರ್ಥಹಳ್ಳಿಗೆ ಬಂದಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ಲಿಗೆ ಗಾಳಿ ಹಾಕಿಸಲು ನಿಂತರೆ, ಪಂಪು ಹಿಡಿದವನು ಆ ಗೋಲ್‌ಕೀಪರನೇ. ಅಷ್ಟು ವರ್ಷ ಮನಸ್ಸಿನಲ್ಲಿ ಉರು ಹಾಕಿದ್ದನ್ನು ಅಲ್ಲೇ ಹೇಳಿಬಿಟ್ಟೆ: "ಅವತ್ತು ನಂಗೂ ಕೇಳಿತ್ತು ಕಣೊ. ಮೂರು ಸಲ. ಸುಳ್ಳು ಹೇಳ್ದೆ. ತಪ್ಪಾಯ್ತು."

ಅವನು ಪಂಪು ಒತ್ತುವುದನ್ನು ನಿಲ್ಲಿಸಿದ.

"ಎಂತ ಹೇಳ್ತಿದ್ದೀಯ ಮಾರಾಯ? ಯಾರೂ ಕೂಗಿರ್ಲಿಲ್ಲ. ನಾನು ಬಾವಿ ಹತ್ರ ಹೋಗಿದ್ದೆ. ನಮ್ಮನೆ ಬಾವಿ ನೀರು ಇನ್ನೊಂದ್ಸಲ ಕುಡಿಯಣ ಅನ್ನಿಸ್ತು. ಹಗ್ಗ, ಕೊಡಪಾನ ಎಂತದೂ ಇಲ್ಲ. ಸುಮ್ನೆ ಬಗ್ಗಿ ನೋಡ್ತಾ ನಿಂತೆ. ನೀರಿಗೋಸ್ಕರ ಗೋಲು ಬಿಟ್ಟೆ ಅಂದ್ರೆ ಬಿಡ್ತಿದ್ರಾ ನೀವು? ಕೂ ಹಾಕಿದ್ರು ಅಂದ್ರೆ ಯಾರೂ ಮಾತಾಡಲ್ಲ ಅಂತ ಹಂಗಂದೆ. ನೀನು ನಿಜಾನೇ ಹೇಳ್ದೆ ಅಂತ ಇಷ್ಟು ವರ್ಷ ಅಂದ್ಕಂಡಿದ್ನಲ್ಲ."

"ಬಾವಿ ಎಲ್ಲಿತ್ತು?"

"ಮನೆ ಗೋಡೆಗೆ ತಾಗಿ. ಅಲ್ಲಿಂದ ಕೂ ಹಾಕಿದ್ರೆ ನಂಗೆ ಕೇಳ್ತಿರ್ಲಿಲ್ವಾ?"

ಅವನು ಮತ್ತೆ ಪಂಪು ಒತ್ತತೊಡಗಿದ. ಟಯರು ಗಟ್ಟಿಯಾದ ಮೇಲೂ ಒತ್ತುತ್ತಿದ್ದ. ಕೊನೆಗೆ ತಲೆ ಎತ್ತದೆ ಹೇಳಿದ: "ಒಂದು ಕೆಲ್ಸ ಮಾಡು. ಊರಲ್ಲಿ ಅವ್ರಿಗೆಲ್ಲ ಹೇಳು, ಅವತ್ತು ನಿಂಗೂ ಕೇಳಿತ್ತು ಅಂತ. ಬಾವಿ ವಿಷ್ಯ ಬೇಡ. ಊರಿಗೆ ಹೋಗಕ್ಕೆ ಈಗ್ಲೂ ಮುಖ ಇಲ್ಲ ನಂಗೆ."

ಹೇಳಿದೆ. ಹೊಸನಗರಕ್ಕೆ ಹೋದಾಗಲೆಲ್ಲ, ಆಡಿದವರನ್ನು ಒಬ್ಬೊಬ್ಬರನ್ನೇ ಹುಡುಕಿ ಹೇಳಿದೆ. ಅವರು ನಂಬಿದರು. ಮುಂದಿನ ವರ್ಷ ಸೋದರಮಾವನ ಮಗಳ ಮದುವೆಗೆ ಅವನು ಊರಿಗೆ ಬಂದಾಗ ಹಳೆಯವರೆಲ್ಲ ಅವನನ್ನು ನಡುವೆ ಕೂರಿಸಿಕೊಂಡು ಊಟ ಮಾಡಿದರು.

ಆದರೆ ಅಷ್ಟು ಸಲ ಹೇಳಿದ ಮೇಲೆ ನನಗೆ ನೆನಪಿರುವುದು ಆ ಬೆಳಿಗ್ಗೆಯೋ, ನಾನು ಹೇಳಿದ ಕಥೆಯೋ ತಿಳಿಯುವುದಿಲ್ಲ. ನನ್ನ ಮಾತಿನಿಂದ ಅವನು ಊರು ಬಿಟ್ಟ ಎಂಬ ಅಳುಕೇ ವರ್ಷಗಟ್ಟಲೆ ಕೂತು ಆ ಕೂಗನ್ನು ಕಟ್ಟಿಕೊಂಡಿರಬಹುದು. ಹಾಗೆಂದು ನನಗೆ ನಾನೇ ವಾದಿಸುತ್ತೇನೆ. ವಾದ ಸರಿಯಾಗಿಯೇ ಇದೆ. ಆದರೆ ಕಣ್ಣೆದುರು ಚೆಂಡು ಉರುಳುತ್ತಾ ಬಂದಾಗ ನಾನು ಯಾಕೆ ಕಾಲು ಚಾಚಲಿಲ್ಲ ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ. ಅಷ್ಟಂತೂ ನಾನು ಕಟ್ಟಿದ್ದಲ್ಲ. ಚೆಂಡಿನ ಹಿಂದೆ ಓಡಿಬಂದ ಆ ಇಬ್ಬರು ಮಲಯಾಳಿಗಳು ನೋಡಿದ್ದಾರೆ. ಆ ಕೂ ಅವನನ್ನು ಕರೆದಿದ್ದಲ್ಲವಾದರೆ, ಆಗ ಆ ಮಂಜಿನಲ್ಲಿ ಅಲ್ಲಿ ಇದ್ದವನು ನಾನೊಬ್ಬನೇ. ಮೂರನೆಯದಕ್ಕೂ ನಾನು ಓಗೊಡಲಿಲ್ಲ.