ಟೈಪಿಸ್ಟಕ್ಕನ ಕೊನೆಯ ಕರಡು

ನಮ್ಮ ಯೂನಿಯನ್ ವೆಬ್‌ಸೈಟನ್ನು ಹದಿನೆಂಟು ವರ್ಷ ಸಾಕಿದವಳು ಟೈಪಿಸ್ಟಕ್ಕ. ಕಾರ್ಖಾನೆಯ ಬಾಯ್ಲರ್ ಸಿಡಿದು ನಲವತ್ತೆಂಟು ಜನ ಹೋದ ವರ್ಷ ಅದನ್ನು ಶುರು ಮಾಡಿದ್ದು. ಒಬ್ಬೊಬ್ಬರಿಗೂ ಒಂದೊಂದು ಪುಟ: ಫೋಟೊ, ವಿಭಾಗ, ಸತ್ತ ದಿನ. ಹೆಣ ಸಿಗದವರು ಏಳು ಮಂದಿ. ‘ಸತ್ತ ಅಂತ ಹಾಕಬೇಡಿ’ ಎಂದು ಅವರ ಮನೆಯವರು ಗೋಗರೆದಾಗ, ಆ ಪುಟಗಳನ್ನು ಪ್ರಕಟಿಸದೆ ಕರಡಿನಲ್ಲೇ ಇಟ್ಟಳು. ವರ್ಷ ಕಳೆದಂತೆ ಒಂದೊಂದೇ ಮನೆ ಸೋತು ‘ಹಾಕಿಬಿಡಮ್ಮ’ ಅಂದಿತು. ಉಳಿದದ್ದು ಒಂದೇ ಕರಡು, ಅವಳ ಗಂಡನದು. ಅದನ್ನು ಮುಟ್ಟಕೂಡದೆಂದು ಅತ್ತೆ ಪಟ್ಟು ಹಿಡಿದಿದ್ದಳು.

ಅಷ್ಟರಲ್ಲಿ ವೆಬ್‌ಸೈಟ್ ನಡೆಸುವ ಹಳೆಯ ವ್ಯವಸ್ಥೆ ಕೊಳೆತುಹೋಗಿತ್ತು. ಮಾಡಿದವರೇ ಅದರ ಕೈಬಿಟ್ಟಿದ್ದರು. ಯಾವನೋ ಒಳನುಗ್ಗಿ ಸತ್ತವರ ಫೋಟೊ ಮೇಲೆ ಇಸ್ಪೀಟಿನ ಜಾಹೀರಾತು ಕುಣಿಸುತ್ತಿದ್ದ. ಬದಲಾಯಿಸೋಣವೆಂದು ಸಭೆ ಕರೆದೆವು. ಟೈಪಿಸ್ಟಕ್ಕ ಒಬ್ಬಳೇ ಬೇಡ ಅಂದಳು.

“ಹಳೇ ಸೀರೆ ಬಿಡೋಕೂ ನನ್ನ ಹೆಂಡ್ತಿ ಇಷ್ಟು ರಗಳೆ ಮಾಡಲ್ಲ,” ಎಂದು ಕಾರ್ಯದರ್ಶಿ ಹಲ್ಲು ಕಿರಿದ.

“ಅವಳ ಗಂಡ ಸಾಯಂಕಾಲ ಮನೆಗೆ ಬರ್ತಾನಲ್ಲ, ಸೀರೆ ಚಿಂತೆ ಮಾಡ್ತಾಳೆ ಬಿಡಿ,” ಅಂದಳು ಟೈಪಿಸ್ಟಕ್ಕ.

ಭಾಷಣದಲ್ಲಿ ಗಂಟಲು ಹರಿದುಕೊಳ್ಳುವ ನಾವೆಲ್ಲ ಚಹಾ ಲೋಟಕ್ಕೆ ಕೈಹಾಕಿದೆವು.

ಹೊಸ ವ್ಯವಸ್ಥೆ ಕೂರಿಸಲು ಬಂದಿದ್ದ ಕಂಪ್ಯೂಟರ್ ಮೇಡಂ ಮೆಲ್ಲಗೆ ಬಿಡಿಸಿ ಹೇಳಿದಳು: “ಅಕ್ಕಾ, ಒಳಗೆಲ್ಲ ವೈರಸ್. ಹೊರಗೆ ಕಾಣೋ ಪುಟಗಳನ್ನ ಮಾತ್ರ ಎತ್ಕೊಳ್ತೀನಿ. ಕರಡು ಬರಲ್ಲ. ಬೇಕಿದ್ರೆ ಹೊಸದ್ರಲ್ಲಿ ನೀವೇ ಟೈಪ್ ಮಾಡಿ ಹಾಗೇ ಇಟ್ಕೊಳ್ಳಿ.”

“ಅಂದ್ರೆ, ಕಾಯೋದನ್ನ ಮತ್ತೆ ಮೊದಲಿಂದ ಶುರು ಮಾಡು ಅಂತೀಯೇನಮ್ಮ?”

ಟೈಪಿಸ್ಟಕ್ಕ ಎದ್ದು ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಗಂಡನ ಕರಡು ತೆರೆದು, ಖಾಲಿ ಬಿಟ್ಟಿದ್ದ ‘ಸತ್ತ ದಿನ’ದ ಜಾಗದಲ್ಲಿ ಬಾಯ್ಲರ್ ಸಿಡಿದ ತಾರೀಖು ಹಾಕಿದಳು. ಪ್ರಕಟಿಸಿದಳು.

“ಈಗ ಬದಲಾಯಿಸ್ಕೊಳ್ಳಿ.”

ಮನೆಗೆ ಹೋಗಿ ಅತ್ತೆಗೆ ತಾನೇ ಹೇಳಿದಳು. ಮುಚ್ಚಿಡುವ ಜಾಯಮಾನ ಅವಳದಲ್ಲ.

“ಬೆಂಕಿ ತಿನ್ನದೆ ಬಿಟ್ಟವನನ್ನ ನೀನು ತಿಂದೆಯಲ್ಲೇ,” ಅಂದಳು ಮುದುಕಿ.

ಹೊಸ ವೆಬ್‌ಸೈಟ್ ಚೆನ್ನಾಗಿಯೇ ಓಡುತ್ತಿದೆ. ಮುದುಕಿ ಇವತ್ತಿಗೂ ಸೊಸೆ ಕೊಟ್ಟ ನೀರು ಮುಟ್ಟುವುದಿಲ್ಲ. ಗೋಡೆ ಹಿಡಿದುಕೊಂಡು ತಾನೇ ಕೊಡದ ಹತ್ತಿರ ಹೋಗುತ್ತಾಳೆ.