ಗುರುಪಾದ ಕಾಕಾನ ನಾಲಿಗೆ

ಗುರುಪಾದ ಕಾಕಾನ ನಾಲಿಗೆ ಒಂದು ವಾರ ನೀಲಿ ಇದ್ದರೆ ಇನ್ನೊಂದು ವಾರ ಹಸಿರು. ಹಳದಿ ಇದ್ದ ದಿನ ನಮ್ಮವ್ವ, "ಏನ್ರಿ, ಕಾಮಣಿ ಆಗೇತೇನು?" ಎಂದು ಕೆಣಕುತ್ತಿದ್ದಳು. ಹೊಸದಾಗಿ ಬಣ್ಣ ಹಾಕಿದ ನೂಲು ಕೈಗೆ ಸಿಕ್ಕರೆ ಸಾಕು, ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡು, ಎಲೆ ಅಡಿಕೆಯಂತೆ ಸ್ವಲ್ಪ ಹೊತ್ತು ದವಡೆಯಲ್ಲಿಟ್ಟು, ತೆಗೆದು ತಮ್ಮ ಧೋತರದ ಅಂಚಿಗೆ ತಿಕ್ಕುವರು. ಕಲೆ ಹತ್ತಿದರೆ ತೀರ್ಪು ಅಲ್ಲೇ: "ಮಲ್ಲಪ್ಪಾ, ಇದು ಮೊದಲನೇ ಮಳೀಗೆ ಓಡಿ ಹೋಗೂ ಬಣ್ಣ. ಇನ್ನೊಮ್ಮಿ ಹಾಕು." ಅವರ ಹತ್ತಿರ ಕಲೆ ಇಲ್ಲದ ಧೋತರ ಒಂದಾದರೂ ಇತ್ತೋ ಇಲ್ಲವೋ, ನಾನಂತೂ ಕಂಡಿಲ್ಲ.

ಮಲ್ಲಪ್ಪ ಎಂದರೆ ನಮ್ಮಪ್ಪ. ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ನಮ್ಮದೊಂದು ತಗಡಿನ ಶೆಡ್ಡು ಇತ್ತು. ನೂಲಿನ ಲಡಿಗಳನ್ನು ಹಂಡೆಯಲ್ಲಿ ಕುದಿಸಿ ಬಣ್ಣ ಹಾಕುವುದು ಅಪ್ಪನ ಕೆಲಸ, ಹೊಳೆಯಲ್ಲಿ ಜಾಲಿಸಿ ಬಿದಿರಿಗೆ ಹಾಕುವುದು ಅವ್ವನದು ಮತ್ತು ನನ್ನದು. ಕಾಕಾ ನಮಗೆ ರಕ್ತಸಂಬಂಧಿಯಲ್ಲ, ಅಪ್ಪನ ಗೆಳೆಯ. ಬೆಳಗಾವಿಯ ಶಹಾಪುರದಲ್ಲಿದ್ದುಕೊಂಡು ಸೀರೆಗಳಿಗೆ ನಕ್ಷೆ ಬರೆಯುತ್ತಿದ್ದರು. ಚೌಕುಳಿ ಕಾಗದದ ಮೇಲೆ ಮನೆ ಮನೆ ತುಂಬಿ ಅವರು ಬರೆದದ್ದೇ ಓಣಿಯ ಮಗ್ಗಗಳಲ್ಲಿ ದಡಿಯಾಗಿ ಸೆರಗಾಗಿ ಇಳಿಯುತ್ತಿತ್ತು. ಪ್ರತಿ ಗುರುವಾರ ಪ್ಯಾಸೆಂಜರ್ ಗಾಡಿಗೆ ಬಂದು ಲಡಿ ನೋಡಿ ಹೋಗುವರು.

ಒಮ್ಮೆ ದೇಸೂರ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದ ಹೆಂಗಸೊಬ್ಬಳ ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ತಿರುವಿ ನೋಡಿದರಂತೆ. ಗಂಡ ಕೈ ಎತ್ತಿಕೊಂಡು ಬಂದ. "ಸಿಟ್ಟಾಗಬ್ಯಾಡ್ರಿ ಯಜಮಾನ್ರ, ಈ ದಡಿ ನಾನ ಬರದದ್ದು. ಹಿಂದಿನ ಬಾಜು ಹೆಂಗ ಬಂದೈತಿ ನೋಡಾಕತ್ತಿದ್ದೆ" ಎಂದರಂತೆ ಕಾಕಾ. ಖಾನಾಪುರದಲ್ಲಿ ಇಳಿದ ಮೇಲೆ ಅದೇ ಗಂಡ ಚಹಾ ಕುಡಿಸಿ ಕಳಿಸಿದ. ಬಟ್ಟೆಯ ಮುಂಭಾಗವನ್ನು ಅವರು ನಂಬುತ್ತಲೇ ಇರಲಿಲ್ಲ. "ಮುಂದಿನ ಬಾಜು ಎಲ್ಲಾರಿಗೂ ಹಲ್ಲ ಕಿಸೀತೈತಿ ಗಂಗಾ. ಖರೇ ಏನೈತಿ ಅನ್ನೂದು ಹಿಂದ ನೋಡಬೇಕು" ಎಂದು ನನಗೆ ಹೇಳಿಕೊಟ್ಟವರು ಅವರೇ. ಇಂದಿಗೂ ನಾನು ಸೀರೆ ಕೊಳ್ಳುವಾಗ ಮೊದಲು ಹಿಂಬದಿ ತಿರುವುತ್ತೇನೆ.

ಎಪ್ಪತ್ತರ ದಶಕದ ಆರಂಭದಲ್ಲಿ, ಪೇಟೆಯ ಸಾವಕಾರರೊಬ್ಬರು ಅವರನ್ನು ಎರಡು ಸಲ ಪರದೇಶಕ್ಕೆ ಕಳಿಸಿದರು. ಮೊದಲ ಸಲ ಜಪಾನಿಗೆ, ನಕ್ಷೆ ನೋಡಿ ಬರಲು. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದರು. ಅಲ್ಲಿ ಮೂರು ದಿನ ಮಳೆ ಬಿಡಲಿಲ್ಲ. ಕಾಕಾ ಮಾಳಿಗೆಯ ಕಿಟಕಿಯಲ್ಲಿ ರೊಟ್ಟಿ ಮುರಿಯುತ್ತ ಕುಳಿತು, ಕೆಳಗೆ ಬೀದಿಯಲ್ಲಿ ಹೋಗುವ ಛತ್ರಿಗಳನ್ನು ಮೇಲಿನಿಂದ ನೋಡಿ ಬರೆದುಕೊಂಡರು. ಆ 'ಛತ್ರಿ ದಡಿ' ಶಹಾಪುರದ ಮಗ್ಗಗಳಲ್ಲಿ ಎರಡು ವರ್ಷ ಓಡಿತು.

ಎರಡನೆಯ ಸಲ ಹೋದದ್ದು ಜರ್ಮನಿಗೆ, ಕೆಂಪು ಬಣ್ಣ ಹುಡುಕಿಕೊಂಡು. ಆಗ ನಮ್ಮ ಕೆಂಪು ನಿಲ್ಲುತ್ತಿರಲಿಲ್ಲ. ಮದುವೆಯ ಸೀರೆ ಒಂದು ನೀರು ಕಾಣುವುದರೊಳಗೆ ಸೆರಗಿನ ಕೆಂಪೆಲ್ಲ ಒಡಲಿಗೆ ಇಳಿದು, ಅಂಗಡಿಗೆ ವಾಪಸು ಬರುತ್ತಿತ್ತು. ಒಂದೊಂದೇ ಮಗ್ಗ ನಿಲ್ಲುತ್ತಿತ್ತು. ಕಾಕಾ ತಂದ ಕೆಂಪು ಮಾತ್ರ, ಜಾಲಿಸಿ ಒಣಗಿಸಿದ ಮೇಲೆ ಬಂಡೆಗೆ ಬಡಿದರೂ ಹೋಗಲಿಲ್ಲ. ಓಣಿಯ ಮಂದಿ ಅವರಿಗೆ ಹಾರ ಹಾಕಿದರು.

ಆ ಪ್ರವಾಸದ ಕಥೆಯನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. "ಕಾರಖಾನಿ ಸಾಹೇಬ ಕೈಯಾಗ ಕೆಂಪು ನೂಲು ಕೊಟ್ಟ. ನನ್ನ ಚಟಾ ನಿಮಗ ಗೊತ್ತೈತೆಲ್ಲಾ, ಬಾಯಾಗ ಇಟ್ಟೆ. ಇಡೂದ ತಡ, ನಾಕು ಮಂದಿ ಓಡಿ ಬಂದ್ರು ನೋಡ್ರಿ! ಒಬ್ಬ ಗದ್ದಾ ಹಿಡದ, ಒಬ್ಬ ಬಾಯಾಗ ಬೆರಳ ಹಾಕಿ ನೂಲು ಜಗ್ಗಿದ, ಇಬ್ಬರು ಸೇರಿ ನಳದ ಕೆಳಗ ತಲಿ ಹಿಡದು ಬಾಯಿ ತೊಳಸಿದ್ರು. ನಮ್ಮವ್ವ ಸೈತ ನನ್ನ ಬಾಯಿ ಹಂಗ ತೊಳದಿಲ್ಲ!"

"ನಮಗಿಂತ ಮಡಿ ಮಂದಿ ಬಿಡೋ ಗುರುಪಾದಾ" ಎಂದು ಅಪ್ಪ ಬಿದ್ದು ಬಿದ್ದು ನಗುತ್ತಿದ್ದ. ಎಲ್ಲರಿಗಿಂತ ಹೆಚ್ಚು ನಗುವವನು ಅವನೇ. ಮೊಣಕೈವರೆಗೆ ಕೆಂಪಾದ ಕೈಗಳನ್ನು ಬಟ್ಟೆಗೆ ತಾಗದಂತೆ ಎತ್ತಿ ಹಿಡಿದುಕೊಂಡು ನಗುತ್ತಿದ್ದ.

ಕಾಕಾ ಅಲ್ಲಿಂದ ಅಪ್ಪನಿಗೆ ಒಂದು ಜೊತೆ ರಬ್ಬರಿನ ಕೈಗವಸು ತಂದಿದ್ದರು. ಒದ್ದೆ ಲಡಿ ಜಾರುತ್ತದೆಂದು ಅಪ್ಪ ಅವನ್ನು ಗೂಟಕ್ಕೆ ಸಿಕ್ಕಿಸಿದ. ನಾನು ಅವಕ್ಕೆ ನೀರು ತುಂಬಿ ಎಮ್ಮೆಯ ಕೆಚ್ಚಲೆಂದು ಹಿಂಡಿ ಆಡಿದೆ. "ಹಾಕ್ಕೋ ಮಲ್ಲಪ್ಪಾ" ಎಂದು ಕಾಕಾ ಎರಡು ಸಲ ಹೇಳಿದರು. ಮೂರನೆಯ ಸಲ ಹೇಳಲಿಲ್ಲ.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಜರ್ಮನಿಯಿಂದ ಬಂದ ಮೇಲೆ ಅವರ ನಾಲಿಗೆಯ ಮೇಲೆ ನೀಲಿ, ಹಸಿರು, ಹಳದಿ ಎಲ್ಲ ಬರುತ್ತಿದ್ದವು, ಕೆಂಪು ಒಂದು ದಿನವೂ ಬರಲಿಲ್ಲ. ಕೆಂಪು ನಾಲಿಗೆಯ ಮೇಲೆ ಕೆಂಪು ಹೇಗೆ ಕಾಣಬೇಕು ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡು ಜಾಣೆಯಾದೆ.

ಹೀಗೆ ಹದಿನೈದು ವರ್ಷ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪನಿಗೆ ಉಚ್ಚೆಯಲ್ಲಿ ರಕ್ತ ಹೋಗತೊಡಗಿತು. ಬಣ್ಣದ ಶೆಡ್ಡಿನ ಮೋರಿಯಲ್ಲಿ ಕೆಂಪು ನೀರು ಹರಿದರೆ ಯಾರಿಗೆ ಅನುಮಾನ ಬರಬೇಕು? ಅವನಿಗೇ ತಿಳಿಯಲು ತಿಂಗಳುಗಳು ಬೇಕಾದವು. ಬೆಳಗಾವಿಯ ಡಾಕ್ಟರು ಹೊಟ್ಟೆ ನೋಡುವ ಮೊದಲು ಅವನ ಕೈ ನೋಡಿ, ಏನು ಕೆಲಸ ಎಂದು ಕೇಳಿದರು. ಮೂತ್ರಚೀಲದ ಕ್ಯಾನ್ಸರ್. ಹನ್ನೊಂದು ತಿಂಗಳು ನರಳಿದ. ಮಣ್ಣಿಗೆ ಒಯ್ಯುವ ಮುನ್ನ ಮೈ ತೊಳೆದು, ವಿಭೂತಿ ಹಚ್ಚಿ ಕೂರಿಸಿದಾಗಲೂ ಉಗುರಿನ ಸಂದಿಯ ಕೆಂಪು ಹೋಗಿರಲಿಲ್ಲ. ಅಷ್ಟು ಗಟ್ಟಿ ಬಣ್ಣ.

ತಿಂಗಳ ನಂತರ ಒಂದು ಗುರುವಾರ ಕಾಕಾ ಬಂದರು. ಅವ್ವ ತವರಿಗೆ ಹೋಗಿದ್ದಳು. ಶೆಡ್ಡಿನಲ್ಲಿ ಹಂಡೆ ಬೋರಲು ಬಿದ್ದಿತ್ತು. "ಕುಂದರ್ರಿ" ಎಂದೆ, ಕೂರಲಿಲ್ಲ.

"ಆ ಬಾಯಿ ತೊಳಸಿದ ಕಥಿ ಅರ್ಧಾನ ಹೇಳಿದ್ದೆ ಗಂಗಾ" ಎಂದರು. "ಅಲ್ಲೆ ಪುಣೆ ಕಡೀ ಹುಡುಗೊಬ್ಬ ದುಭಾಷಿ ಇದ್ದ. ಬಾಯಿ ತೊಳಸಿದ ಮ್ಯಾಲ ಬಾಜೂಕ ಕರದು ಹೇಳಿದ. ಈ ಕೆಂಪು ಇವರು ತಮ್ಮ ಮಂದಿ ಕೈಲೆ ಮುಟ್ಟಸೂದ ಬಿಟ್ಟಾರ, ಇದನ್ನ ಮಾಡೂ ಮುದುಕರು ರಕ್ತಾ ಉಚ್ಚಿ ಹೊಯ್ದು ಸತ್ರು, ಈಗ ಹೊರಗಿನ ದೇಶಕ್ಕ ಅಷ್ಟ ಮಾರತಾರ ಅಂತ."

"ಅಪ್ಪಗ ಯಾಕ ಹೇಳಲಿಲ್ರಿ?"

"ಹೇಳಿದ್ರ ಅವ ಹಂಡ್ಯಾಗ ಕೈ ಹಾಕತಿರಲಿಲ್ಲ. ಕೆಂಪಿಲ್ಲದ ಸೀರಿ ಯಾರು ಉಡ್ತಾರವಾ? ಓಣೀ ಮಗ್ಗ ಎಲ್ಲಾ ನಿಂತ ಬಿಡತಿದ್ವು. ಕೈಗವಸು ಹಾಕ್ಕೋತಾನ ಅನಕೊಂಡೆ. ಹಾಕ್ಕೋಳ್ಳಲಿಲ್ಲ. ಆಮ್ಯಾಲ... ಏನೂ ಆಗವಲ್ದು, ಆ ಹುಡುಗ ಸುಳ್ಳ ಹೇಳಿರಬೇಕು ಅನಕೊಂಡೆ."

"ಸುಳ್ಳಾಗಿದ್ರ ನೀವ್ಯಾಕ ಕೆಂಪು ಬಾಯಿಗೆ ಹಾಕೂದು ಬಿಟ್ರಿ ಕಾಕಾ?"

ಅವರು ಬಿದಿರಿನ ಕಡೆ ತಿರುಗಿದರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇತ್ತೋ ಅಷ್ಟೇ ಸಿಟ್ಟು ಬಂತು. ಈಗಲೂ ಎರಡೂ ಇವೆ, ಒಂದು ಇನ್ನೊಂದನ್ನು ಕಡಿಮೆ ಮಾಡಿಲ್ಲ.

ಬಿದಿರಿನ ಮೇಲೆ ಒಂದು ಲಡಿ ಉಳಿದಿತ್ತು. ಅಪ್ಪ ಹಾಸಿಗೆ ಹಿಡಿಯುವ ಹಿಂದಿನ ದಿನ ಹಂಡೆಯಿಂದ ತೆಗೆದದ್ದು, ಹೊಳೆಗೆ ಒಯ್ದು ಜಾಲಿಸಲು ಯಾರಿಗೂ ಮನಸ್ಸಾಗದೆ ಹಾಗೇ ಒಣಗಿದ್ದು. ಕಾಕಾ ಅದರಿಂದ ಒಂದು ಎಳೆಯಲ್ಲ, ಒಂದು ಮುಷ್ಟಿ ಜಗ್ಗಿ ಬಾಯಿಗೆ ತುಂಬಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ದವಡೆ ಆಡಿಸಿದರು. ಆಮೇಲೆ ಹೊರಗೆ ತೆಗೆದು, ರೂಢಿಯಂತೆ ಧೋತರದ ಅಂಚಿಗೆ ತಿಕ್ಕಿ, ನನ್ನ ಮುಂದೆ ನಾಲಿಗೆ ಚಾಚಿದರು. ಕೆಂಪು ನಾಲಿಗೆಯ ಮೇಲೂ ಕೆಂಪು ಕಾಣುತ್ತದೆ. ಚೆನ್ನಾಗಿಯೇ ಕಾಣುತ್ತದೆ.

ಹಾಗೇ ಸ್ಟೇಷನ್ನಿನ ಕಡೆ ನಡೆದುಹೋದರು. ಆಮೇಲೆ ಬರಲಿಲ್ಲ. ಮುಂದಿನ ದೀಪಾವಳಿಯೊಳಗೆ ತೀರಿಕೊಂಡ ಸುದ್ದಿ ಬಂತು, ಯಾವ ಬೇನೆ ಎಂದು ನಾನು ಕೇಳಲಿಲ್ಲ.

ನೀರಿನ ತಂಬಿಗೆ ಅವತ್ತು ನನ್ನ ಕಾಲಬಳಿಯೇ ಇತ್ತು. ಗುರುತು ಪರಿಚಯ ಇಲ್ಲದ ನಾಲ್ಕು ಮಂದಿ ಓಡಿ ಬಂದು ಅವರ ಬಾಯಿ ತೊಳೆಸಿದ್ದರು. ನಾನು ನಿಂತಲ್ಲಿಂದ ಅಲುಗಲಿಲ್ಲ.